ಕ್ಯಾಂಪರ್ ಹೊತ್ತ ಪಿಕಪ್ಪಿನ ಹಳೆಯ ಟೈರುಗಳು ಮತ್ತು ಕುಮಟಾದ ಒಂದು ಟೈರ್ ಅಂಗಡಿ

ಗ್ರಿಪ್ ಇನ್ನೂ ಚೆನ್ನಾಗಿರುವ ಟೈರನ್ನು ಯಾವಾಗ ಬದಲಿಸಬೇಕು ಎಂದು ಕೇಳಿದರೆ ಟೈರ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಎರಡೇ ಬಗೆಯ ಉತ್ತರಗಳು ಸಿಗುತ್ತವೆ. ನಮ್ಮ ಅಳತೆಯ ಟೈರು ದಾಸ್ತಾನಿನಲ್ಲಿ ಇಲ್ಲದವರು ‘ಇನ್ನೂ ಎರಡು ವರ್ಷ ಆರಾಮಾಗಿ ಓಡ್ತದೆ’ ಎನ್ನುತ್ತಾರೆ. ಇದ್ದವರು ಗಾಡಿ ನಿಲ್ಲುವ ಮೊದಲೇ ‘ನಾಲ್ಕೂ ಹೋಗಿದೆ’ ಎನ್ನುತ್ತಾರೆ. ಕುಮಟಾದಿಂದ ಹೊನ್ನಾವರದ ಕಡೆಗೆ ಹೊರಟಾಗ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ, ಮೀನಿನ ಗಾಡಿಗಳೂ ಕೆಂಪುಕಲ್ಲು ಸಾಗಿಸುವ ಲಾರಿಗಳೂ ಹೆಚ್ಚಾಗಿ ನಿಲ್ಲುವ ಒಂದು ಅಂಗಡಿಯಲ್ಲಿ ಮಾತ್ರ, ಮೊದಲು ಗಾಡಿಯನ್ನು ತೂಕ ಮಾಡಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಎಂದು ನಮ್ಮನ್ನು ವಾಪಸು ಕಳಿಸಿದರು. ಗಿರಾಕಿಯನ್ನು ಬರಿಗೈಯಲ್ಲಿ ವೇಬ್ರಿಜ್‌ಗೆ ಅಟ್ಟುವ ಅಂಗಡಿಯ ಬಗ್ಗೆ ನಾಲ್ಕು ಜನರಿಗೆ ತಿಳಿಯಲಿ ಎಂಬುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದು ಬೇಡ ಎಂದು ಮಾಲೀಕರೇ ಹೇಳಿದ್ದಾರೆ. ಇರುವ ಗಿರಾಕಿಗಳನ್ನು ಸುಧಾರಿಸುವುದೇ ಕಷ್ಟವಾಗಿದೆ ಎಂಬುದು ಅವರು ಕೊಟ್ಟ ಕಾರಣ. ಕುಮಟಾದ ಯಾವ ಲಾರಿ ಚಾಲಕರನ್ನು ಕೇಳಿದರೂ ತೋರಿಸಿಕೊಡುತ್ತಾರೆ.

ನಮ್ಮದು ಸಿಂಗಲ್ ಕ್ಯಾಬಿನ ಪಿಕಪ್. ಹಿಂದಿನ ತೊಟ್ಟಿಯಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಕ್ಯಾಂಪರ್ ಪೆಟ್ಟಿಗೆ ಕೂತಿದೆ. ಅದರಲ್ಲಿ ಇಬ್ಬರು ಮಲಗುವ ಹಾಸಿಗೆ, ಪುಟ್ಟ ಅಡುಗೆ ಕಟ್ಟೆ, 60 ಲೀಟರಿನ ನೀರಿನ ಟ್ಯಾಂಕು, ಬ್ಯಾಟರಿ, ಗ್ಯಾಸ್ ಸಿಲಿಂಡರ್ ಇವೆ. ಟೈರಿನ ಅಳತೆ 205 ಆರ್ 16 ಸಿ. ಕೊನೆಯಲ್ಲಿರುವ ಸಿ ಅಕ್ಷರವು ಅದು ಹಗುರ ವಾಣಿಜ್ಯ ವಾಹನಕ್ಕೆ ಮಾಡಿದ, ಹೆಚ್ಚು ಭಾರ ಹೊರುವ ಟೈರು ಎಂಬುದನ್ನು ಸೂಚಿಸುತ್ತದೆ. ಸೈಡ್‌ವಾಲಿನ, ಅಂದರೆ ಟೈರಿನ ಪಕ್ಕದ ಗೋಡೆಯ ಮೇಲೆ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ಒಂದು ಅಂಡಾಕಾರದ ಚೌಕಟ್ಟಿನೊಳಗೆ 2718 ಎಂದು ಅಚ್ಚಾಗಿತ್ತು, ಅಂದರೆ 2018ನೇ ಇಸವಿಯ 27ನೇ ವಾರದಲ್ಲಿ ತಯಾರಾದದ್ದು. ಈ ನಾಲ್ಕಂಕಿಯು ಹಲವು ಟೈರುಗಳಲ್ಲಿ ಒಂದೇ ಪಕ್ಕದಲ್ಲಿ ಇರುತ್ತದೆ, ಜೋಡಿಸುವವರು ಆ ಪಕ್ಕವನ್ನು ಒಳಗೆ ಮಾಡಿದ್ದರೆ ಗಾಡಿಯ ಕೆಳಗೆ ಟಾರ್ಚ್ ಹಿಡಿದು ನುಸುಳದೆ ವಯಸ್ಸು ತಿಳಿಯುವುದಿಲ್ಲ. ಎಂಟು ವರ್ಷ ತುಂಬಲು ಬಂದಿದ್ದ ಆ ಟೈರುಗಳಲ್ಲಿ ಗ್ರಿಪ್ಪಿನ ಆಳ ಇನ್ನೂ 5 ಮಿಲಿಮೀಟರಿನಷ್ಟು ಉಳಿದಿತ್ತು. ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ಇಂಥ ವಾಹನಕ್ಕೆ ಕೇಳುವ ಕನಿಷ್ಠ ಆಳ 1.6 ಮಿಲಿಮೀಟರ್. ಕಾನೂನಿನ ಲೆಕ್ಕದಲ್ಲಿ ಟೈರು ಧಾರಾಳವಾಗಿ ಪಾಸು.

ಕ್ಯಾಂಪರ್ ಗಾಡಿಯ ತೊಡಕು ಇರುವುದೇ ಇಲ್ಲಿ. ದಿನವೂ ಬಾಡಿಗೆಗೆ ಓಡುವ ಪಿಕಪ್ಪಿನ ಟೈರು ಹಳತಾಗುವ ಮೊದಲೇ ಸವೆದು ಹೋಗುತ್ತದೆ, ಹಾಗಾಗಿ ಅದರ ಮಾಲೀಕನಿಗೆ ಟೈರಿನ ವಯಸ್ಸಿನ ಚಿಂತೆ ಹುಟ್ಟುವುದೇ ಇಲ್ಲ. ಕ್ಯಾಂಪರ್ ಹೊತ್ತ ಗಾಡಿ ವರ್ಷದಲ್ಲಿ ಕೆಲವೇ ಸಲ ಹೊರಡುತ್ತದೆ, ಮಿಕ್ಕ ದಿನಗಳಲ್ಲಿ ಮನೆಯ ಅಂಗಳದಲ್ಲೋ ತೋಟದ ಪಕ್ಕದಲ್ಲೋ ನಿಂತಿರುತ್ತದೆ. ಬಾಡಿಗೆ ಗಾಡಿ ಸಂಜೆಗೆ ಸರಕು ಇಳಿಸಿ ಹಗುರಾಗುತ್ತದೆ, ಕ್ಯಾಂಪರ್ ಮಾತ್ರ ಇಳಿಯುವುದಿಲ್ಲ. ನಿಂತಾಗಲೂ ಆ ತೂಕ ಟೈರಿನ ಒಂದೇ ಭಾಗವನ್ನು ತಿಂಗಳುಗಟ್ಟಲೆ ಅದುಮಿರುತ್ತದೆ. ಗಾಳಿಯಲ್ಲಿರುವ ಓಝೋನ್ ಹಿಗ್ಗಿ ನಿಂತ ರಬ್ಬರನ್ನು ಮೇಲಿನಿಂದ ಬಿರಿಸುತ್ತದೆ, ಆಮ್ಲಜನಕ ಮತ್ತು ಬಿಸಿ ಒಳಗಿನಿಂದ ಅದನ್ನು ಗಡಸು ಮಾಡುತ್ತವೆ. ಇದನ್ನು ತಡೆಯಲೆಂದೇ ಟೈರಿನ ರಬ್ಬರಿಗೆ ಮೇಣ ಮತ್ತು ಕೆಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಟೈರು ಉರುಳಿ ಬಾಗುತ್ತಿದ್ದರೆ ಅವು ಒಳಗಿನಿಂದ ಒಸರಿ ಬಂದು ಮೇಲ್ಮೈಯನ್ನು ಮುಚ್ಚಿಕೊಳ್ಳುತ್ತವೆ, ನಿಂತೇ ಇದ್ದರೆ ಆ ಒಸರು ಸರಿಯಾಗಿ ನಡೆಯುವುದಿಲ್ಲ. ಕಡಿಮೆ ಓಡಿದ ಟೈರು ಹೆಚ್ಚು ಬಾಳುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಗ್ರಿಪ್ಪು ಬಾಳುತ್ತದೆ, ರಬ್ಬರು ಬಾಳುವುದಿಲ್ಲ. ಕರಾವಳಿಯಲ್ಲಿ ಇದರ ಜೊತೆಗೆ ಇನ್ನೊಂದು ಕಾಟವಿದೆ. ಉಪ್ಪಿನ ಗಾಳಿಗೆ ಕಬ್ಬಿಣದ ರಿಮ್ಮಿನ ಅಂಚು ತುಕ್ಕು ಹಿಡಿದು ಹೊಪ್ಪಳೆ ಏಳುತ್ತದೆ, ಟ್ಯೂಬ್‌ಲೆಸ್ ಟೈರಿನ ಬೀಡ್, ಅಂದರೆ ರಿಮ್ಮಿಗೆ ಕಚ್ಚಿ ಕೂರುವ ಒಳ ಅಂಚು, ಅಲ್ಲಿ ಬಿಗಿಯಾಗಿ ಕೂರದೆ ಗಾಳಿ ಮೆಲ್ಲಗೆ ಇಳಿಯತೊಡಗುತ್ತದೆ.

ತೂಕದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿರ್ಧಾರ ತಿರುಗಿದ್ದು ಅಲ್ಲಿಯೇ. ಮಾಲೀಕರು ಕೇಳಿದ್ದು ಒಟ್ಟು ತೂಕವನ್ನಲ್ಲ. ಮುಂದಿನ ಎರಡು ಚಕ್ರ, ಹಿಂದಿನ ಎರಡು ಚಕ್ರ, ಆಮೇಲೆ ಹಿಂದಿನ ಎಡ ಚಕ್ರ ಒಂದೇ, ಬಲ ಚಕ್ರ ಒಂದೇ ಎಂದು ಬೇರೆ ಬೇರೆ ಚೀಟಿ ತರಬೇಕೆಂದರು. ಅದೂ ನೀರಿನ ಟ್ಯಾಂಕು, ಡೀಸೆಲ್ಲು, ಸಾಮಾನು ಎಲ್ಲ ತುಂಬಿ, ಪ್ರವಾಸಕ್ಕೆ ಹೊರಡುವ ಸ್ಥಿತಿಯಲ್ಲಿ. ಕಲ್ಲು, ಮರಳು ತೂಗುವ ವೇಬ್ರಿಜ್ ಹುಡುಗನಿಗೆ ಇದು ವಿಚಿತ್ರವಾಗಿ ಕಂಡರೂ, ಒಂದು ಪಕ್ಕದ ಚಕ್ರ ಮಾತ್ರ ಹಲಗೆಯ ಮೇಲೆ ಬರುವಂತೆ ಗಾಡಿಯನ್ನು ಹಿಂದೆ ಮುಂದೆ ಮಾಡಿಸಿ ಚೀಟಿ ಹರಿದು ಕೊಟ್ಟನು. ಮುಂದೆ 1,020 ಕಿಲೋ, ಹಿಂದೆ 1,690 ಕಿಲೋ. ಹಿಂದಿನದರಲ್ಲಿ ಎಡಕ್ಕೆ 910, ಬಲಕ್ಕೆ 780. ನೀರು, ಗ್ಯಾಸು, ಬ್ಯಾಟರಿ, ಅಡುಗೆ ಕಟ್ಟೆ ಎಲ್ಲವೂ ಒಂದೇ ಪಕ್ಕದಲ್ಲಿ ಇದ್ದುದರ ಫಲ ಇದು. ಪೆಟ್ಟಿಗೆ ಕಟ್ಟಿದವರಿಗೆ ಕೊಳವೆಗಳನ್ನು ಒಂದೇ ಕಡೆ ಎಳೆಯುವುದು ಅನುಕೂಲವಾಗಿತ್ತು.

ಟೈರಿನ ಮೇಲೆ 110/108 ಎಂದು ಬರೆದಿರುವ ಸಂಖ್ಯೆ ಭಾರದ ಸೂಚ್ಯಂಕ. 110 ಎಂದರೆ ಒಂಟಿ ಚಕ್ರವಾಗಿ ಹಾಕಿದಾಗ 1,060 ಕಿಲೋ, 108 ಎಂದರೆ ಜೋಡಿ ಚಕ್ರವಾಗಿ ಹಾಕಿದಾಗ ಒಂದೊಂದಕ್ಕೆ 1,000 ಕಿಲೋ. ಪಿಕಪ್ಪಿಗೆ ಹಿಂದೆ ಒಂಟಿ ಚಕ್ರವೇ ಆದ್ದರಿಂದ ನಮಗೆ ಅನ್ವಯಿಸುವುದು ಮೊದಲನೆಯದು. ಎಡ ಚಕ್ರದ 910 ಕಿಲೋಗೂ 1,060ಕ್ಕೂ ನಡುವೆ 150 ಕಿಲೋ ಅಂತರವಿದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದು, ಆದರೆ ಮಾಲೀಕರು ಅದಕ್ಕೆ ಅವಕಾಶ ಕೊಡಲಿಲ್ಲ. ಆ 1,060 ಕಿಲೋ ಹೊರುವ ಮಾತು ಟೈರಿನಲ್ಲಿ ಅದಕ್ಕೆ ಹೇಳಿದಷ್ಟು ಗಾಳಿ, ಈ ಟೈರಿಗಾದರೆ 65 ಪಿಎಸ್‌ಐ, ಇದ್ದಾಗಿನದು. 40ಕ್ಕೆ ಇಳಿದರೆ ಅದೇ ಟೈರು 910 ಕಿಲೋವನ್ನು ಸಹ ಸುರಕ್ಷಿತವಾಗಿ ಹೊರಲಾರದು. ಹೊರುತ್ತದೆ, ಆದರೆ ಪಕ್ಕಗಳು ಅತಿಯಾಗಿ ಬಾಗಿ ಕಾದು ಒಳಗಿನ ಪದರಗಳ ಅಂಟು ಬಿಡತೊಡಗುತ್ತದೆ. ಮತ್ತೆ, ವೇಬ್ರಿಜ್‌ನ 910 ಕಿಲೋ ಗಾಡಿ ಸಮತಟ್ಟಾದ ನೆಲದಲ್ಲಿ ನಿಂತಾಗಿನ ಲೆಕ್ಕ. ದೇವಿಮನೆ ಘಟ್ಟದಲ್ಲಿ ಬಲಕ್ಕೆ ತಿರುಗುವ ಪ್ರತಿ ತಿರುವಿನಲ್ಲೂ ಎತ್ತರದ ಪೆಟ್ಟಿಗೆಯ ಭಾರ ಎಡಕ್ಕೆ ವಾಲುತ್ತದೆ, ಆಗ ಆ 150 ಕಿಲೋ ಅಂತರದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಊಹಿಸಿಕೊಳ್ಳಬೇಕು. ಘಟ್ಟ ಇಳಿಯುವಾಗ ಬ್ರೇಕಿನ ಬಿಸಿಯೂ ರಿಮ್ಮಿನ ಮೂಲಕ ಬೀಡ್‌ಗೆ ತಲುಪುತ್ತದೆ. ಹೊಸ ಟೈರು ಇದನ್ನೆಲ್ಲ ತಡೆದುಕೊಳ್ಳುತ್ತದೆ. ಎಂಟು ವರ್ಷದ ಗಡಸು ರಬ್ಬರಿನಿಂದ ಅದೇ ನಿರೀಕ್ಷೆ ಇಟ್ಟುಕೊಳ್ಳುವುದು ಎಷ್ಟು ಸರಿ ಎಂಬುದೇ ಪ್ರಶ್ನೆಯಾಗಿತ್ತು.

ತೂಕದ ಚೀಟಿಗಳನ್ನು ನೋಡಿದ ಮೇಲೆಯೇ ಅವರು ಜ್ಯಾಕ್ ತೆಗೆದದ್ದು. ನಾಲ್ಕೂ ಚಕ್ರ ಬಿಚ್ಚಿ, ಗಾಳಿ ಇಳಿಸಿ, ಯಂತ್ರದಲ್ಲಿ ಟೈರನ್ನು ರಿಮ್ಮಿನಿಂದ ಬೇರೆ ಮಾಡಿದರು. ಇದನ್ನು ಬರಿಗಣ್ಣಿನ ಪರೀಕ್ಷೆಗೆ ಮಾಡುವ ಅಂಗಡಿ ನಾನು ನೋಡಿದ್ದು ಇದೊಂದೇ. ಕೆಲಸದ ಹುಡುಗ ಒಂದೊಂದು ಟೈರನ್ನೂ ನಿಲ್ಲಿಸಿ, ಎರಡೂ ಬೀಡ್‌ಗಳನ್ನು ಮೊಣಕಾಲಿನಿಂದ ಅಗಲಿಸಿ ಹಿಡಿದನು. ಮಾಲೀಕರು ಒಳಮೈಯ ಮೇಲೆ ಅಂಗೈಯನ್ನು ನಿಧಾನವಾಗಿ ಸುತ್ತ ಆಡಿಸುತ್ತ ಹೋದರು. ಹಿಂದಿನ ಎಡ ಟೈರಿನಲ್ಲಿ ಒಂದು ಕಡೆ ಕೈ ನಿಂತಿತು. ನನ್ನ ಕೈಯನ್ನೂ ಅಲ್ಲಿ ಇಡಿಸಿದರು; ಹೊರಗಿನಿಂದ ಕಣ್ಣಿಗೆ ಏನೂ ಕಾಣದ ಜಾಗದಲ್ಲಿ, ಒಳಗೆ ಅಡಿಕೆ ಹೋಳಿನಷ್ಟು ಅಗಲದ ಒಂದು ಸಣ್ಣ ಉಬ್ಬು ಬೆರಳಿಗೆ ಸಿಕ್ಕಿತು. ಅದರ ಕೆಳಗೆ ಸೈಡ್‌ವಾಲಿಗೆ ಹೊಂದಿದ ಒಳಮೈಯಲ್ಲಿ ನುಣ್ಣನೆಯ ಕಪ್ಪು ಪುಡಿ ಅಂಟಿತ್ತು. ಗಾಳಿ ಕಡಿಮೆ ಇರುವಾಗ ಪಕ್ಕಗಳು ಮಡಚಿ ಉಜ್ಜಿಕೊಂಡರೆ ಉದುರುವ ರಬ್ಬರಿನ ಪುಡಿ ಅದು. ಆಮೇಲೆ ಟೈರನ್ನು ಬಿಸಿಲಿಗೆ ತಂದು, ಗ್ರಿಪ್ಪಿನ ಎರಡು ಸಾಲುಗಳ ನಡುವಿನ ಕಾಲುವೆಯನ್ನು ಹೆಬ್ಬೆರಳುಗಳಿಂದ ಅಗಲಿಸಿ ತೋರಿಸಿದರು. ತಳದಲ್ಲಿ ಸುತ್ತಲೂ ಒಂದೇ ಸಾಲಾಗಿ ಓಡಿದ ಬಿರುಕು ಕಂಡಿತು, ಅದರೊಳಗೆ ಉಗುರಿನ ತುದಿ ಹೋಗುತ್ತಿತ್ತು.

‘ಗ್ರಿಪ್ ಏನೋ ಅದೆ ಹೆಗಡೇರೆ. ಟಯರು ಇಲ್ಲ’ ಎಂದರು ಅವರು.

ಬಿರುಕುಗಳೆಲ್ಲ ಒಂದೇ ತೂಕದವಲ್ಲ ಎಂಬುದನ್ನು ಈ ಪರೀಕ್ಷೆಯಲ್ಲಿ ಬಿಡಿಸಿ ಹೇಳಿದರು, ಓದುಗರಿಗೆ ಹೆಚ್ಚು ಉಪಯೋಗವಾಗುವ ಮಾತು ಇದೇ ಎಂದು ನನ್ನ ಎಣಿಕೆ. ಸೈಡ್‌ವಾಲಿನ ಮೇಲೆ ಕೂದಲೆಳೆಯಂಥ, ಉಗುರಿಗೆ ಸಿಗದ ಗೆರೆಗಳು ನಾಲ್ಕೈದು ವರ್ಷ ಬಿಸಿಲಲ್ಲಿ ನಿಂತ ಬಹುತೇಕ ಟೈರುಗಳಲ್ಲಿ ಬರುತ್ತವೆ. ಅವು ಕಣ್ಣಿಟ್ಟಿರಬೇಕು ಎಂಬ ಸೂಚನೆಯಷ್ಟೇ. ಗ್ರಿಪ್ಪಿನ ಕಾಲುವೆಯ ತಳದಲ್ಲಿ ಬರುವ ಬಿರುಕು ಇನ್ನೊಂದು ಬಗೆಯದು, ಏಕೆಂದರೆ ಅದರ ಕೆಳಗೆ ತೆಳ್ಳನೆಯ ರಬ್ಬರಿನ ಆಚೆಗೆ ಉಕ್ಕಿನ ತಂತಿಗಳ ಪಟ್ಟಿ ಇದೆ. ನೀರು ಅಲ್ಲಿಗೆ ಇಳಿದರೆ ತಂತಿ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ತಂತಿಗೆ ರಬ್ಬರು ಅಂಟಿಕೊಂಡಿರುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಈ ಬಿರುಕನ್ನು ಕಂಡ ದಿನವೇ ಟೈರಿನ ಲೆಕ್ಕ ಮುಗಿಯಿತು ಎಂದು ತಿಳಿಯಬೇಕು. ಗ್ರಿಪ್ಪು ಮತ್ತು ಸೈಡ್‌ವಾಲ್ ಸೇರುವ ಭುಜದ ಬಳಿ ಸುತ್ತಲೂ ಹೋದ ಬಿರುಕೂ, ರಿಮ್ಮಿನ ಅಂಚಿಗೆ ತಾಗಿ ಬೀಡಿನ ಮೇಲೆ ಬಂದ ಬಿರುಕೂ ಇದೇ ಸಾಲಿಗೆ ಸೇರುತ್ತವೆ. ಉಬ್ಬು ಎಲ್ಲಿಯೇ ಇರಲಿ, ಎಷ್ಟೇ ಸಣ್ಣದಿರಲಿ, ಆ ಟೈರಿನಲ್ಲಿ ಮನೆಗೆ ಕೂಡ ಹೋಗಬಾರದು.

ಇದರ ಜೊತೆಗೆ ಗಾಡಿ ಓಡಿಸುವವರೇ ಗಮನಿಸಬಹುದಾದ ಲಕ್ಷಣಗಳೂ ಇವೆ. ಒಂದೇ ಚಕ್ರ ವಾರ ವಾರವೂ ಗಾಳಿ ಕೇಳುವುದು, ಬ್ಯಾಲೆನ್ಸಿಂಗ್ ಮಾಡಿಸಿದ ಮೇಲೂ ಒಂದು ವೇಗದಲ್ಲಿ ಸೀಟಿನ ಕೆಳಗೆ ಹೊಸದಾಗಿ ನಡುಕ ಬರುವುದು, ಒದ್ದೆ ರಸ್ತೆಯಲ್ಲಿ ಹಿಂದಿನ ಭಾಗ ಸಣ್ಣಗೆ ಜಾರುವುದು. ಮೊದಲೆರಡು ಲಕ್ಷಣಗಳು ಟೈರಿನ ಪದರ ಬಿಡುವುದರ ಮುನ್ಸೂಚನೆ ಆಗಿರಬಹುದು, ಮೂರನೆಯದು ಗಡಸಾದ ರಬ್ಬರಿನದು. ಪದರ ಬಿಡುವುದು ಎಂಥ ಅನಾಹುತ ಎಂಬುದಕ್ಕೆ ಅಮೆರಿಕದ ಉದಾಹರಣೆಯೇ ಸಾಕು. 2000ನೇ ಇಸವಿಯ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಗ್ರಿಪ್ಪಿನ ಪಟ್ಟಿ ಕಳಚಿ ಗಾಡಿಗಳು ಉರುಳಿದ ಆ ಪ್ರಕರಣದಲ್ಲಿ ಹೆಚ್ಚಿನ ಅಪಘಾತಗಳು ಬಿಸಿ ಹವೆಯ ರಾಜ್ಯಗಳಲ್ಲೇ ಆಗಿದ್ದವು, ಕಡಿಮೆ ಗಾಳಿಯ ಪ್ರಶ್ನೆಯೂ ಅಲ್ಲಿ ಎದ್ದಿತ್ತು. ಅದು ತಯಾರಿಕೆಯ ದೋಷ ಬೆರೆತ ಪ್ರಕರಣ ನಿಜ, ಆದರೂ ಬಿಸಿ, ಭಾರ ಮತ್ತು ಕಡಿಮೆ ಗಾಳಿ ಒಟ್ಟಿಗೆ ಸೇರಿದರೆ ಟೈರಿಗೆ ಏನಾಗುತ್ತದೆ ಎಂಬುದು ಎಲ್ಲ ಕಡೆಯೂ ಒಂದೇ.

ಹಾಗಾದರೆ ವರ್ಷದ ಮಿತಿ ಎಷ್ಟು? ಕೆಲವು ವಾಹನ ತಯಾರಕರು ಆರು ವರ್ಷಕ್ಕೆ ಬದಲಿಸಿ ಎನ್ನುತ್ತಾರೆ. ಮಿಶೆಲಿನ್‌ನಂಥ ಟೈರ್ ಕಂಪನಿ ಬಳಕೆಗೆ ಬಂದು ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆಯಾದರೂ ತಿಳಿದವರಿಂದ ಪರೀಕ್ಷೆ ಮಾಡಿಸಿ, ತಯಾರಾಗಿ ಹತ್ತು ವರ್ಷವಾದರೆ ಗ್ರಿಪ್ ಎಷ್ಟೇ ಇರಲಿ ಸ್ಟೆಪ್ನಿಯನ್ನೂ ಸೇರಿಸಿ ಬದಲಿಸಿ ಎನ್ನುತ್ತದೆ. ಆರಕ್ಕೂ ಹತ್ತಕ್ಕೂ ನಡುವಿನ ನಾಲ್ಕು ವರ್ಷದಲ್ಲಿಯೇ ಎಲ್ಲ ವಾದವೂ ನಡೆಯುವುದು. ಮಾಲೀಕರ ನಿಲುವು ಹೀಗಿತ್ತು: ಮನೆ, ಆಫೀಸು ಎಂದು ಓಡಾಡುವ ಕಾರಿಗೆ ಪರೀಕ್ಷೆ ಮಾಡಿಸುತ್ತ ಎಂಟು ವರ್ಷದವರೆಗೆ ಹೋಗಬಹುದು, ಮಿತಿಯ ಹತ್ತಿರದ ಭಾರವನ್ನು ಸದಾ ಹೊತ್ತು ಘಟ್ಟ ಹತ್ತುವ ಗಾಡಿಗೆ ಆರನೆಯ ವರ್ಷದಲ್ಲಿ ದುಡ್ಡು ಎತ್ತಿಡಲು ಶುರು ಮಾಡಿ, ಏಳರಲ್ಲಿ ಬದಲಿಸಿಬಿಡಬೇಕು. ನಾನು ಇದನ್ನು ಒಪ್ಪುತ್ತೇನೆ. ಹತ್ತು ವರ್ಷ ಎಂಬುದು ಕೊನೆಯ ಗಡಿ, ಅಲ್ಲಿಯವರೆಗೆ ಬಾಳುತ್ತದೆ ಎಂಬ ಭರವಸೆಯಲ್ಲ. ಕ್ಯಾಂಪರ್ ಇಟ್ಟುಕೊಂಡವರಲ್ಲಿ ಹಲವರು ಅದನ್ನು ಭರವಸೆಯಾಗಿ ಓದುತ್ತಾರೆ.

ಯಾವ ತಿಂಗಳಲ್ಲಿ ಬದಲಿಸಬೇಕು ಎಂಬುದು ಮತ್ತೊಂದು ವಿಷಯ. ನಮ್ಮಲ್ಲಿ ಎಲ್ಲರೂ ಮಳೆಗಾಲಕ್ಕೆ ಮೊದಲು ಟೈರ್ ಹಾಕಿಸುತ್ತಾರೆ, ಮೇ ಕೊನೆಯಲ್ಲಿ ಈ ಅಂಗಡಿಯ ಮುಂದೆ ಸಾಲು ನಿಲ್ಲುವುದೂ ಅದಕ್ಕೇ. ಸವೆದ ಟೈರಿಗೆ ಅದು ಸರಿಯಾದ ಕಾಲ. ಹೆದ್ದಾರಿಯಲ್ಲಿ ನೀರು ನಿಂತಾಗ ಅದನ್ನು ಪಕ್ಕಕ್ಕೆ ತಳ್ಳಲು ಕಾಲುವೆಗೆ ಆಳ ಬೇಕು. ಕಾನೂನಿನ 1.6 ಮಿಲಿಮೀಟರ್ ಜೂನ್ ತಿಂಗಳ ಅಂಕೋಲಾ-ಕಾರವಾರ ರಸ್ತೆಗೆ ಬಹಳ ಕಡಿಮೆ, 3 ಮಿಲಿಮೀಟರಿಗೆ ಬಂದಾಗಲೇ ಬದಲಿಸುವುದು ಲೇಸು. ಆದರೆ ಗ್ರಿಪ್ ಇದ್ದು ವಯಸ್ಸಾದ ಟೈರಿಗೆ ಮಳೆಗಾಲಕ್ಕಿಂತ ಬೇಸಿಗೆ ದೊಡ್ಡ ಗಂಡಾಂತರ. ಮಾರ್ಚಿನಿಂದ ಮೇವರೆಗಿನ ಕಾದ ಡಾಂಬರು, ತುಂಬಿದ ಕ್ಯಾಂಪರ್, ಯಲ್ಲಾಪುರ ದಾಟಿ ಹುಬ್ಬಳ್ಳಿಯತ್ತ ಸಿಗುವ ನೇರ ರಸ್ತೆಯ ವೇಗ, ಇವು ಮೂರೂ ಸೇರಿದಾಗ ಹಳೆಯ ಪದರಗಳು ಬಿಡುತ್ತವೆ. ಶಾಲೆಗೆ ರಜೆ ಬಂದು ಕ್ಯಾಂಪರುಗಳು ಹೊರಡುವುದೂ ಆಗಲೇ. ಆದ್ದರಿಂದ ವಯಸ್ಸಿನ ಕಾರಣಕ್ಕೆ ಬದಲಿಸುವವರು ಬೇಸಿಗೆ ಮುಗಿಯಲಿ ಎಂದು ಕಾಯದೆ ಫೆಬ್ರವರಿಯಲ್ಲೇ ಕೆಲಸ ಮುಗಿಸಬೇಕು. ಆ ತಿಂಗಳಲ್ಲಿ ಅಂಗಡಿಯೂ ಖಾಲಿ ಇರುತ್ತದೆ, ಮಾಲೀಕರಿಗೆ ಟೈರಿನೊಳಗೆ ಕೈ ಆಡಿಸಿ ನೋಡಲು ಪುರಸೊತ್ತೂ ಇರುತ್ತದೆ.

ನಮ್ಮ ಟೈರುಗಳ ತೀರ್ಪು ಹೀಗೆ ಬಂತು. ಹಿಂದಿನ ಎರಡೂ ತಕ್ಷಣ ಹೋಗಬೇಕು. ಮುಂದಿನ ಎರಡರಲ್ಲಿ ಬರೀ ಮೇಲುಮೇಲಿನ ಗೆರೆಗಳು, ಒಳಮೈ ನುಣುಪಾಗಿಯೇ ಇತ್ತು. ಸ್ಟೆಪ್ನಿ ನೆಲ ಮುಟ್ಟಿದ್ದೇ ಇಲ್ಲ. ಕಾರ್ಖಾನೆಯ ಅಚ್ಚಿನಿಂದ ಬಂದ ರಬ್ಬರಿನ ಕೂದಲು ಇನ್ನೂ ಗ್ರಿಪ್ಪಿನ ಮೇಲೆ ನಿಂತಿತ್ತು. ಆದರೆ ಗಾಡಿಯ ಹೊಟ್ಟೆಯ ಕೆಳಗೆ, ಸೈಲೆನ್ಸರಿನ ಬಿಸಿಗೂ ರಸ್ತೆಯ ಕೆಸರಿಗೂ ಎದುರಾಗಿ ಎಂಟು ವರ್ಷ ತೂಗಿದ ಅದರ ಬೀಡಿನ ಸುತ್ತ ಬಿರುಕು ಕಾಣಿಸಿಕೊಂಡಿತ್ತು, ರಿಮ್ಮು ತುಕ್ಕಿನಿಂದ ಕೆಂಪಾಗಿತ್ತು. ಹೊಸದರಂತೆ ಕಾಣುವ ಈ ಸ್ಟೆಪ್ನಿಯೇ ಐದರಲ್ಲಿ ಹೆಚ್ಚು ಮೋಸದ್ದು. ಮಾಲೀಕರು ನಾಲ್ಕು ಹೊಸ ಟೈರು ಹಾಕಿ, ಹಳೆಯ ಮುಂದಿನ ಟೈರುಗಳಲ್ಲಿ ಒಳ್ಳೆಯದನ್ನು ಸ್ಟೆಪ್ನಿ ಮಾಡಿ ಎಂದು ಸೂಚಿಸಿದರು. ಹಿಂದಿನ ಚಕ್ರ ಪಂಕ್ಚರ್ ಆದರೆ ಮುಂದಿನ ಹೊಸ ಟೈರನ್ನು ಹಿಂದಕ್ಕೆ ಹಾಕಿ, ಹಳೆಯದನ್ನು ಮುಂದೆ ಹಾಕಿಕೊಂಡು ಹತ್ತಿರದ ಅಂಗಡಿಗೆ ಹೋಗಬಹುದು ಎಂಬುದು ಅವರ ಲೆಕ್ಕ. ಹೆದ್ದಾರಿ ಬಿಡದವರಿಗೆ ಈ ಲೆಕ್ಕ ಒಪ್ಪುತ್ತದೆ. ಆದರೆ ಜೋಯಿಡಾದ ಕಾಡಿನ ರಸ್ತೆಯಲ್ಲಿ ಮಳೆ ಹಿಡಿದಾಗ ಎರಡು ಚಕ್ರ ಅದಲು ಬದಲು ಮಾಡುತ್ತ ಕೂರುವ ಉತ್ಸಾಹ ನಮ್ಮಿಬ್ಬರಿಗೂ ಇಲ್ಲದ್ದರಿಂದ ಐದನ್ನೂ ಹೊಸದೇ ಕೊಂಡೆವು. ಐದನ್ನೂ ಸರದಿಯಲ್ಲಿ ತಿರುಗಿಸಿದರೆ ಸ್ಟೆಪ್ನಿಯೂ ದುಡಿಯುತ್ತದೆ, ಎಲ್ಲವೂ ಒಟ್ಟಿಗೆ ನಿವೃತ್ತವಾಗುತ್ತವೆ.

ಟೈರ್ ಆರಿಸುವಾಗಲೂ ಅಂಗಡಿಯವರ ಮಾತು ನೇರವಾಗಿತ್ತು. ದಪ್ಪ ಗ್ರಿಪ್ಪಿನ, ಬಿಳಿ ಅಕ್ಷರದ, ಜೀಪುಗಳಿಗೆ ಹಾಕುವ ಅಗಲದ ಟೈರುಗಳು ಕ್ಯಾಂಪರಿಗೆ ಚೆಂದ ಕಾಣುತ್ತವೆ ಎಂಬ ಆಸೆಯಿಂದ ನಾನು ಕೇಳಿದೆ. ಅವರು ಅದರ ಸೂಚ್ಯಂಕದ ಮೇಲೆ ಬೆರಳಿಟ್ಟು ತೋರಿಸಿದರು. 100 ಎಂದಿತ್ತು, ಅಂದರೆ 800 ಕಿಲೋ. ನಮ್ಮ ಎಡ ಚಕ್ರದ 910 ಕಿಲೋಗೆ ಅದು ಸಾಲದು. ರೀಟ್ರೆಡ್ ಮಾಡಿಸಿದರೆ ಅರ್ಧ ದುಡ್ಡು ಉಳಿಯುವುದಿಲ್ಲವೇ ಎಂದು ಪಕ್ಕದಲ್ಲಿದ್ದ ಲಾರಿಯವರೊಬ್ಬರು ಕೇಳಿದ್ದಕ್ಕೆ, ಎರಡು ವರ್ಷಕ್ಕೆ ಸವೆದ ಲಾರಿ ಟೈರಿಗೆ ಮಾಡಿಕೊಡುತ್ತೇನೆ, ಎಂಟು ವರ್ಷದ ಹಳೆಯ ಮೈಗೆ ಹೊಸ ಗ್ರಿಪ್ ಅಂಟಿಸುವುದಿಲ್ಲ ಎಂದರು. ಕೊನೆಗೆ ಅದೇ ಅಳತೆಯ, ಅದೇ 110/108 ಸೂಚ್ಯಂಕದ, ಐಎಸ್‌ಐ ಗುರುತಿನ ಭಾರತದಲ್ಲೇ ತಯಾರಾದ ಟೈರನ್ನು ಆರಿಸಿದೆವು. 2020ರ ಜೂನ್‌ನಿಂದ ಹೊರದೇಶದ ಟೈರುಗಳ ಆಮದಿಗೆ ನಿರ್ಬಂಧ ಇರುವುದರಿಂದ ಈ ಅಳತೆಯಲ್ಲಿ ಆಯ್ಕೆ ಹೆಚ್ಚಿಲ್ಲ. ಹೊಸ ಟೈರಿನ ವಾರ, ವರ್ಷವನ್ನು ಕೇಳುವ ಮೊದಲೇ ಐದರಲ್ಲೂ ಸೀಮೆಸುಣ್ಣದಿಂದ ಸುತ್ತು ಹಾಕಿ ತೋರಿಸಿದರು. ಎಲ್ಲವೂ ಕೆಲವೇ ತಿಂಗಳ ಹಿಂದಿನವು. ಈ ಒಂದು ನಡತೆಯಿಂದಲೇ ಅಂಗಡಿಯನ್ನು ಅಳೆಯಬಹುದು ಎನಿಸಿತು, ಏಕೆಂದರೆ ಬೇರೊಂದು ಊರಿನಲ್ಲಿ ಮೂರು ವರ್ಷ ಗೋಡೌನಿನಲ್ಲಿ ಕೂತ ಟೈರಿಗೆ ಕಪ್ಪು ಪಾಲಿಶ್ ಹಚ್ಚಿ ‘ನಿನ್ನೆ ಬಂದ ಮಾಲು’ ಎಂದು ನಮಗೆ ತೋರಿಸಿದ್ದರು.

ಬೆಲೆಯಲ್ಲಿ ವಿಶೇಷ ರಿಯಾಯಿತಿ ಏನೂ ಸಿಗಲಿಲ್ಲ. ಹುಬ್ಬಳ್ಳಿಯ ದೊಡ್ಡ ಅಂಗಡಿಗಳಲ್ಲಿ ಒಂದೊಂದು ಟೈರಿಗೆ ಕೆಲವು ನೂರು ರೂಪಾಯಿ ಕಡಿಮೆ ಇರಬಹುದು. ಹೊಸ ಟೈರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿರುವುದರಿಂದ ಐದು ಟೈರಿನ ಬಿಲ್ಲಿನಲ್ಲಿ ಕಣ್ಣಿಗೆ ಕಾಣುವಷ್ಟು ಇಳಿತವಿದೆ. ಅಂಗಡಿಯಲ್ಲಿ ಹಳೆಯ ದರಪಟ್ಟಿ ತೋರಿಸಿದರೆ ಇದನ್ನು ನೆನಪಿಸಬೇಕು. ಇಲ್ಲಿ ಹಾಗೆ ಆಗಲಿಲ್ಲ, ಬಿಲ್ಲಿನಲ್ಲಿ ತೆರಿಗೆ ಬೇರೆಯಾಗಿಯೇ ನಮೂದಾಗಿತ್ತು. ಜೋಡಣೆ, ಹೊಸ ವಾಲ್ವ್, ಬ್ಯಾಲೆನ್ಸಿಂಗ್ ಸೇರಿ ಚಕ್ರವೊಂದಕ್ಕೆ ನಾಲ್ಕು ನೂರು ರೂಪಾಯಿ ತೆಗೆದುಕೊಂಡರು. ರಿಮ್ಮಿನ ಅಂಚಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬಣ್ಣ ಹೊಡೆದು, ಒಣಗಿದ ಮೇಲೆ ಟೈರ್ ಕೂರಿಸಿದ್ದಕ್ಕೆ ಬೇರೆ ಹಣ ಕೇಳಲಿಲ್ಲ. ಕರಾವಳಿಯಲ್ಲಿ ಟೈರ್ ಬದಲಿಸುವವರೆಲ್ಲ ಒತ್ತಾಯಿಸಿ ಮಾಡಿಸಿಕೊಳ್ಳಬೇಕಾದ ಕೆಲಸ ಇದು. ಹಳೆಯ ಐದನ್ನು ಅಲ್ಲಿಯೇ ಬಿಟ್ಟೆವು. ಅವುಗಳಲ್ಲಿ ಎರಡನ್ನು ತದಡಿಯ ದೋಣಿಯವರು ದಕ್ಕೆಗೆ ತಾಗದಂತೆ ದೋಣಿಯ ಪಕ್ಕಕ್ಕೆ ಕಟ್ಟಲು ಒಯ್ಯುತ್ತಾರಂತೆ. ಮನೆಯ ಹಿತ್ತಲಿಗೆ ತಂದು ಹಾಕಿ ಮಳೆನೀರಿನಲ್ಲಿ ಸೊಳ್ಳೆ ಸಾಕುವುದಕ್ಕಿಂತ ಅದು ಎಷ್ಟೋ ಮೇಲು.

ಕೊರತೆಗಳೂ ಇವೆ. ನಟ್ಟುಗಳನ್ನು ಗಾಳಿ ಗನ್ನಿನಿಂದ ಬಡಿದು ಬಿಗಿಸುತ್ತಾರೆ. ಎಷ್ಟು ಬಿಗಿ ಎಂದು ಅಳೆಯುವ ಟಾರ್ಕ್ ಪಾನಾ ಅಂಗಡಿಯಲ್ಲಿದೆ, ಆದರೆ ಕೇಳಿದರೆ ಮಾತ್ರ ಹೊರಗೆ ಬರುತ್ತದೆ. ಗನ್ನಿನಿಂದ ಅತಿಯಾಗಿ ಬಿಗಿಸಿದ ನಟ್ಟನ್ನು ಕಾಡಿನ ನಡುವೆ ಕೈಪಾನಾದಿಂದ ಬಿಚ್ಚುವುದು ಯಾರಿಂದಲೂ ಆಗುವುದಿಲ್ಲ, ಹಾಗಾಗಿ ಕೇಳಲು ಸಂಕೋಚ ಪಡಬಾರದು. ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ ಬಂದು ಬಿಗಿ ನೋಡಿಸಿಕೊಂಡು ಹೋಗಿ ಎಂದು ಹೇಳುವುದನ್ನೂ ಮರೆತರು, ನಾವಾಗಿಯೇ ಸಿರ್ಸಿಯಲ್ಲಿ ನೋಡಿಸಿಕೊಂಡೆವು. ಅಲೈನ್‌ಮೆಂಟ್ ಯಂತ್ರ ಇದ್ದರೂ ಅದರ ಮೇಲಿನ ಶೀಟಿನ ಚಾವಣಿ ತಗ್ಗು, ಕ್ಯಾಂಪರ್ ಪೆಟ್ಟಿಗೆ ಒಳಗೆ ನುಗ್ಗುವುದಿಲ್ಲ. ಆ ಕೆಲಸವನ್ನು ಬೇರೆಡೆ, ಕ್ಯಾಂಪರ್ ಇಳಿಸದೆ ತುಂಬಿದ ಭಾರದಲ್ಲೇ ಮಾಡಿಸಬೇಕಾಯಿತು. ಖಾಲಿ ಗಾಡಿಗೆ ಮಾಡಿದ ಅಲೈನ್‌ಮೆಂಟ್ ಭಾರ ಕೂತಾಗ ಬದಲಾಗುವುದರಿಂದ ಒಂದು ರೀತಿಯಲ್ಲಿ ಅದು ಒಳ್ಳೆಯದೇ ಆಯಿತು. ಕೂರಲು ನೆರಳಿಲ್ಲ, ಕುಡಿಯುವ ನೀರಿಗೆ ಎದುರಿನ ಹೋಟೆಲಿಗೆ ಹೋಗಬೇಕು. ಐದು ಟೈರಿನ ಕೆಲಸಕ್ಕೆ ಅರ್ಧ ದಿನ ಹಿಡಿಯಿತು, ನಡುವೆ ಮೀನಿನ ಗಾಡಿ ಬಂದರೆ ಅದಕ್ಕೇ ಮೊದಲ ಸರದಿ. ಮಂಜುಗಡ್ಡೆ ಕರಗುತ್ತದೆ ಎಂಬ ಅವರ ವಾದಕ್ಕೆ ಎದುರು ಹೇಳಲು ನಮ್ಮ ಬಳಿ ಏನೂ ಇರಲಿಲ್ಲ.

ಹೊಸ ಟೈರುಗಳಲ್ಲಿ ಹಿಂದೆ 60, ಮುಂದೆ 42 ಪಿಎಸ್‌ಐ ಗಾಳಿಯನ್ನು ತಣ್ಣಗಿರುವಾಗ ಇಡಲು ಹೇಳಿದರು. ವೇಬ್ರಿಜ್‌ನ ಚೀಟಿಯನ್ನು ಎದುರಿಗಿಟ್ಟುಕೊಂಡು ಕಟ್ಟಿದ ಲೆಕ್ಕ ಅದು, ಬೇರೆ ಗಾಡಿಗೆ, ಬೇರೆ ತೂಕಕ್ಕೆ ಇದೇ ಅಂಕಿ ಹೊಂದುವುದಿಲ್ಲ. ಬಾಗಿಲ ಬಳಿಯ ಫಲಕದಲ್ಲಿ ತಯಾರಕರು ಬರೆದ ಅಂಕಿಯಿಂದಲೇ ಪ್ರತಿಯೊಬ್ಬರೂ ಶುರು ಮಾಡಬೇಕು. ವಾಲ್ವಿನ ತುದಿಗೆ ತಿರುಪುವ, ಗಾಳಿ ಮತ್ತು ಬಿಸಿಯನ್ನು ತೋರಿಸುವ ಸೆನ್ಸರುಗಳನ್ನು ಅಲ್ಲಿಯೇ ಕೊಂಡು ಹಾಕಿಸಿದೆವು. ಬೆಳಿಗ್ಗೆ 60 ಇದ್ದ ಹಿಂದಿನ ಎಡ ಚಕ್ರ ದೇವಿಮನೆ ಘಟ್ಟ ಹತ್ತಿ ಮೇಲೆ ಬಂದಾಗ 66 ತೋರಿಸಿತು, ಬಲದ್ದು 65. ಬಿಸಿಗೆ ಗಾಳಿ ಹಿಗ್ಗುವುದರಿಂದ ಇಷ್ಟು ಏರಿಕೆ ಸಹಜ, ಅದನ್ನು ನೋಡಿ ಗಾಳಿ ಬಿಡುವ ಚಾಳಿ ಇರುವವರು ಅದನ್ನು ಬಿಡಬೇಕು. ಬ್ಯಾಟರಿ ಮತ್ತು ಸಿಲಿಂಡರನ್ನು ಬಲಪಕ್ಕಕ್ಕೆ ಸರಿಸಿದ ಮೇಲೆ ತಿರುವಿನ ವಾಲಾಟವೂ ತಗ್ಗಿದೆ. ಅಗಲೀಕರಣದ ಕೆಲಸದಿಂದ ಜಲ್ಲಿ ಎದ್ದಿರುವ ಕಡೆಗಳಲ್ಲಿ ಹಳೆಯ ಟೈರುಗಳು ಪುಟಿಯುತ್ತಿದ್ದಷ್ಟು ಇವು ಪುಟಿಯುವುದಿಲ್ಲ. ಸದ್ದು ಮಾತ್ರ ತುಸು ಹೆಚ್ಚು.

ನಿಲ್ಲಿಸುವ ಕ್ರಮವನ್ನೂ ಮಾಲೀಕರೇ ತಿದ್ದಿದರು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಗಾಳಿಯನ್ನು ಪೂರ್ತಿ ತುಂಬಿಸಿ, ಹಲಗೆಯ ಮೇಲೆ ಚಕ್ರ ಏರಿಸಿ, ಬಿಸಿಲು ಬೀಳುವ ಪಕ್ಕಕ್ಕೆ ಗೋಣಿಯನ್ನಾದರೂ ಇಳಿಬಿಟ್ಟು, ಹದಿನೈದು ದಿನಕ್ಕೊಮ್ಮೆ ಗಾಡಿಯನ್ನು ಹತ್ತು ಕಿಲೋಮೀಟರಾದರೂ ಓಡಿಸಬೇಕು ಎಂದರು. ಅಂಗಡಿಗೆ ಹೋಗುವವರು ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ತಲುಪುವುದು, ತೂಕದ ಚೀಟಿಗಳನ್ನು ಮೊದಲೇ ಮಾಡಿಸಿಕೊಂಡು ಒಯ್ಯುವುದು, ಮತ್ತು ಕ್ಯಾಂಪರಿನ ಎತ್ತರ ಹೇಳಿ ಚಾವಣಿಯ ಹೊರಗೆ ಜಾಗ ಕೇಳುವುದು ಒಳ್ಳೆಯದು. ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಮುಚ್ಚಿರುತ್ತದೆ, ಭಾನುವಾರ ಪಂಕ್ಚರ್ ಕೆಲಸ ಮಾತ್ರ.